ಒಪ್ಪಿಗೆಯ ಸಹಿ, ಕಾಣದ ಲೆಕ್ಕ

ಮುಂಬಯಿಯ ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಸಂಸಾರ ಮಾಡಿದ ದಂಪತಿ ಬೇರೆಯಾಗಲು ಒಪ್ಪಿಕೊಂಡರೆ, ಪಾಲು ಮಾಡಿಕೊಳ್ಳಲು ಅಲ್ಲಿ ಮನೆಯೇ ಇರುವುದಿಲ್ಲ. ಮನೆ ಸರ್ಕಾರದ್ದು. ಇದ್ದಬದ್ದದ್ದೆಲ್ಲ ಕಾಗದದಲ್ಲಿ: ಜಿಪಿಎಫ್, 2004ರಿಂದೀಚೆಗೆ ಸೇರಿದವರಾದರೆ ಎನ್‌ಪಿಎಸ್, ನಿವೃತ್ತಿಯ ಹೊತ್ತಿಗೆ ಬರುವ ಗ್ರಾಚ್ಯುಟಿ, ಎಲ್‌ಐಸಿ ಪಾಲಿಸಿ, ಊರಿನ ಬ್ಯಾಂಕಿನಲ್ಲಿಟ್ಟ ಎಫ್‌ಡಿ. ನೌಕರಿ ಗಂಡನದಾದರೆ ಇದರಲ್ಲಿ ಎಷ್ಟು ಹೆಂಡತಿಗೆ ಗೊತ್ತಿರುತ್ತದೆ? ವಿಚ್ಛೇದನವಾದ ಮೇಲೆ ಕುಟುಂಬ ಪಿಂಚಣಿಯ ಹಕ್ಕೂ ಆಕೆಗೆ ಉಳಿಯುವುದಿಲ್ಲ.

ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮು ಒಳ್ಳೆಯ ಕಾನೂನು. ವರ್ಷವಿಡೀ ಬೇರೆ ಇದ್ದವರು ಪರಸ್ಪರ ಕೆಸರೆರಚದೆ ಜಂಟಿ ಅರ್ಜಿ ಹಾಕಿ ಬಿಡುಗಡೆ ಪಡೆಯಬಹುದು. 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ನಂತರ, ಆರು ತಿಂಗಳು ಕಾಯುವುದನ್ನೂ ತಕ್ಕ ಪ್ರಕರಣಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದು. ಇಷ್ಟರ ಮಟ್ಟಿಗೆ ನನಗೆ ಮೆಚ್ಚುಗೆಯೇ ಇದೆ. ಆದರೆ ಬಾಂದ್ರಾದ ಕುಟುಂಬ ನ್ಯಾಯಾಲಯಕ್ಕೆ ಕನ್ಸೆಂಟ್ ಟರ್ಮ್ಸ್ (ಒಪ್ಪಂದದ ಷರತ್ತುಗಳು) ಹಿಡಿದು ಹೋಗುವ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲವನ್ನು ಒಬ್ಬರಿಗೊಬ್ಬರು ತೋರಿಸಲೇಬೇಕು ಎಂದು ಈ ಕಾಯ್ದೆ ಎಲ್ಲೂ ಹೇಳುವುದಿಲ್ಲ.

ಜಗಳವಾಡುವವರಿಗೆ ಆ ಲೆಕ್ಕ ನೋಡುವ ಅವಕಾಶವಿದೆ. ನಾಗಪುರದ ಕುಟುಂಬ ನ್ಯಾಯಾಲಯದಿಂದ ಹೊರಟ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ, 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಜೀವನಾಂಶದ ಅರ್ಜಿಗಳಲ್ಲಿ ಇಬ್ಬರೂ ಅಫಿಡವಿಟ್ ಸಲ್ಲಿಸುವುದನ್ನು ಕಡ್ಡಾಯ ಮಾಡಿತು. ಸಂಬಳ, ಖರ್ಚು, ಖಾತೆ, ಭವಿಷ್ಯನಿಧಿ, ಸ್ಥಿರಾಸ್ತಿ, ಸಾಲ, ಎಲ್ಲವನ್ನೂ ಅದು ಕೇಳುತ್ತದೆ. ಬೇಸಾಯಗಾರರಿಗೆ ಬೇರೆ ನಮೂನೆಯೂ ಇದೆ. ಸುಳ್ಳು ಬರೆದರೆ ಕ್ರಿಮಿನಲ್ ಕ್ರಮ ಎದುರಿಸಬೇಕಾಗಬಹುದು. ಕಾಳಜಿಯಿಂದ ರೂಪಿಸಿದ ದಾಖಲೆ ಅದು. ಕಾದಾಡುವವಳಿಗೆ ಸಿಗುವ ಈ ಲೆಕ್ಕ, ಶಾಂತವಾಗಿ ಒಪ್ಪಿ ಹೊರಡುವವಳಿಗೆ ಸಿಗುವುದಿಲ್ಲ ಎನ್ನುವುದು ನನಗೆ ಸಹಿಸಲಾಗದ ಸಂಗತಿ.

ಅದೇ ತೀರ್ಪು ಬಡತನ ರೇಖೆಯ ಕೆಳಗಿನವರಿಗೆ, ದಿನಗೂಲಿಯವರಿಗೆ ಅಫಿಡವಿಟ್‌ನಿಂದ ವಿನಾಯಿತಿ ಕೊಟ್ಟಿದೆ. ಉದ್ದೇಶ ದಯೆಯದ್ದು. ಆದರೆ ಕ್ವಾರ್ಟರ್ಸ್‌ನ ಆಚೆಗಿನ ಝೋಪಡಿಗಳನ್ನು ನೆನೆಯಿರಿ. ಎಸ್‌ಆರ್‌ಎ ಎಂಬ ಝೋಪಡಿ ಪುನರ್ವಸತಿ ಯೋಜನೆಯಲ್ಲಿ ಸಿಗುವ ಖೋಲಿ ಗಂಡಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕೆಂಬುದು ನಿಯಮ. ಕೂಲಿಕಾರನ ಮನೆಯಲ್ಲಿ ಬೆಲೆಬಾಳುವ ಏಕೈಕ ವಸ್ತು ಅದೇ. ‘ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇಲ್ಲ’ ಎಂಬ ಸಾಲಿಗೆ ಹೆಬ್ಬೆಟ್ಟೊತ್ತುವ ಮುನ್ನ, ಆ ಖೋಲಿಯಲ್ಲಿ ತನಗೂ ಪಾಲಿದೆ ಎಂದು ಆಕೆಗೆ ಹೇಳುವವರು ಬೇಡವೇ?

‘ಒಪ್ಪಿ ಆಯಿತು, ಮತ್ತೆ ದುಡ್ಡಿನ ಮಾತೆತ್ತಿ ಯಾಕೆ ಕೆದಕುತ್ತೀರಿ’ ಎನ್ನುವವರಿದ್ದಾರೆ. ನರಳಿ ನರಳಿ ಹೊರಬಂದವರ ಬಾಯಲ್ಲಿ ಆ ಮಾತು ಬಂದಾಗ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಿಗೆ ಬಲವಂತ, ವಂಚನೆ ಅಥವಾ ಅನುಚಿತ ಪ್ರಭಾವದಿಂದ ಬಂದದ್ದಲ್ಲ ಎಂದು ನ್ಯಾಯಾಲಯ ಖಚಿತಪಡಿಸಿಕೊಳ್ಳಬೇಕೆಂದು ಹಿಂದೂ ವಿವಾಹ ಕಾಯ್ದೆಯ 23ನೇ ಕಲಮು ಹೇಳುತ್ತದೆ. ಲೆಕ್ಕವನ್ನೇ ನೋಡದ ನ್ಯಾಯಾಧೀಶರು ವಂಚನೆಯನ್ನು ಗುರುತಿಸುವುದು ಹೇಗೆ? ಮೇಲಾಗಿ, ಕುಟುಂಬ ನ್ಯಾಯಾಲಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿಯಿಲ್ಲ. ನಿಜ ತಡವಾಗಿ ತಿಳಿದವಳು ಡಿಕ್ರಿಯನ್ನು ಮುಟ್ಟಲು ವಂಚನೆಯನ್ನು ತಾನೇ ಸಾಬೀತು ಮಾಡಬೇಕು.

ಇಂಗ್ಲೆಂಡಿನಲ್ಲಿ ದಂಪತಿ ಹಣದ ವಿಷಯದಲ್ಲಿ ಒಪ್ಪಂದಕ್ಕೆ ಬಂದು ಆದೇಶ ಕೋರಿದರೂ ಡಿ81 ಎಂಬ ನಮೂನೆಯಲ್ಲಿ ಇಬ್ಬರ ಆರ್ಥಿಕ ಸ್ಥಿತಿಯನ್ನು ಬರೆದುಕೊಡಬೇಕು. ನಮಗೂ ಅಷ್ಟು ಸಾಕು. ಪಾಸ್‌ಬುಕ್, ಫಾರಂ 16, ಜಿಪಿಎಫ್ ಸ್ಟೇಟ್‌ಮೆಂಟು, ಝೋಪಡಿಯವರಾದರೆ ಎಸ್‌ಆರ್‌ಎ ಪತ್ರದ ನಕಲು. ಜೊತೆಗೆ ಕನ್ನಡ, ಮರಾಠಿ, ತಮಿಳು, ಹಿಂದಿಯಲ್ಲಿ ಓದಿ ಹೇಳಬಹುದಾದ ಒಂದು ಪುಟದ ನಮೂನೆ. ಎಲ್ಲವನ್ನೂ ನೋಡಿದ ಮೇಲೂ ‘ನನಗೇನೂ ಬೇಡ’ ಎನ್ನುವ ಹಕ್ಕು ಆಕೆಯದು, ಅದನ್ನು ಯಾರೂ ಕಿತ್ತುಕೊಳ್ಳಬಾರದು. ಇದಕ್ಕೆ ಸಂಸತ್ತಿನ ದಾರಿ ಕಾಯಬೇಕಿಲ್ಲ: ಕುಟುಂಬ ನ್ಯಾಯಾಲಯಗಳಿಗೆ ನಿಯಮ ಮಾಡುವ ಅಧಿಕಾರವನ್ನು ಕುಟುಂಬ ನ್ಯಾಯಾಲಯ ಕಾಯ್ದೆಯ 21ನೇ ಕಲಮು ಹೈಕೋರ್ಟಿಗೇ ಕೊಟ್ಟಿದೆ.