ಹರಿಗೋಲಿನಲ್ಲಿ ಕೂಡುವ ವಿದ್ಯೆ

ತಾಳವಾಡಿ ಬೆಟ್ಟಗಳ ಹಳ್ಳಗಳು ಚಿಕ್ಕಹೊಳೆ, ಸುವರ್ಣಾವತಿ ಜಲಾಶಯಗಳಿಗೆ ನೀರುಣಿಸಿ ಕಡೆಗೆ ಕಾವೇರಿಯನ್ನು ಸೇರತಕ್ಕವುಗಳಾದರೂ, ಅಲ್ಲಿನ ಗುಮಟಾಪುರ ಎಂಬ ಹಳ್ಳಿಯವರಿಗೆ ದೋಣಿಯ ಸಹವಾಸ ವಂಶಪಾರಂಪರ್ಯವಾಗಿ ಬಂದದ್ದಲ್ಲ. ತಮ್ಮೂರಿನ ಗೊರೆಹಬ್ಬದಲ್ಲಿ ಸಗಣಿಯುಂಡೆಯ ಏಟಿಗೆ ಬೆನ್ನುಕೊಟ್ಟು ನಗುವ ಧೀರರೂ ಕಾವೇರಿಯ ಹೊಗೇನಕಲ್ಲು ಜಲಪಾತದ ಬಳಿ ಹರಿಗೋಲಿಗೆ ಕಾಲಿಡುವಾಗ ಕ್ಷಣಕಾಲ ಅಳುಕುವುದುಂಟು. ಆ ಅಳುಕು ಶ್ಲಾಘ್ಯವಾದುದು. ತುಸು ದೂರ ಸಾಗಿದೊಡನೆ ಅದು ಮಾಯವಾಗಿ, ಮೊಬೈಲು ಹಿಡಿದು ಎದ್ದುನಿಲ್ಲುವ ಉತ್ಸಾಹ ಹುಟ್ಟುತ್ತದಲ್ಲ, ಅಂಬಿಗನು ಹೆದರುವುದು ಅದಕ್ಕೆ.

ಬಿದಿರಿನ ಸೀಳುಗಳನ್ನು ಹೆಣೆದು, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರುಗಳನ್ನೂ ಹೊದಿಸಿ ಸಿದ್ಧಪಡಿಸುವ ಈ ದುಂಡುದೋಣಿಗೆ ಹಿಂದು ಮುಂದುಗಳಿಲ್ಲ. ಅಂಬಿಗನು ಒಂದೇ ಹುಟ್ಟನ್ನು ತನ್ನೆಡೆಗೆ ಸೆಳೆದಂತೆಲ್ಲ ಅದು ಅವನನ್ನು ಅನುಸರಿಸಿ ಬರುವುದು, ಬಂಡೆ ತಾಗಿದರೆ ಬಿರಿಯದೆ ಬಳುಕಿ ಪಕ್ಕಕ್ಕೆ ಜಾರುವುದು. ಯಂತ್ರದೋಣಿಗಳ ಗದ್ದಲಕ್ಕಿಂತ ನನಗೆ ಇದೇ ಪ್ರಿಯ. ಆದರೆ ಒಳಗಿನವರು ಅಂಚಿನ ಸುತ್ತ ಸಮಭಾರವಾಗಿ, ತಳದಲ್ಲಿಯೇ ಕುಳಿತಿರುವವರೆಗೆ ಮಾತ್ರ ಅದರ ಸ್ಥೈರ್ಯ. ಜಲಪಾತ ಕಂಡಿತೆಂದು ನಾಲ್ವರು ಒಂದೇ ಬದಿಗೆ ಬಾಗಿದರೆ ತಗ್ಗಾದ ಅಂಚು ನೀರಿಗಿಳಿಯಲು ಹೆಚ್ಚು ಹೊತ್ತು ಬೇಡ. ಜನರನ್ನು ರಂಜಿಸಲೆಂದು ಹರಿಗೋಲನ್ನು ಬುಗುರಿಯಂತೆ ತಿರುಗಿಸುವ ಆಟ ನನಗೆ ಸೇರದು.

ಭಾರದ ಜೊತೆಗೆ ಜೀವರಕ್ಷಕ ಜಾಕೆಟ್ಟಿನ ಮಾತೂ ಉಂಟು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮಡಿದರು. ಮಿತಿಮೀರಿ ಜನ ಹತ್ತಿದ್ದರೆಂದೂ, ಅನೇಕರು ಜೀವರಕ್ಷಕ ಜಾಕೆಟ್ಟು ತೊಟ್ಟಿರಲಿಲ್ಲವೆಂದೂ ಅಂದಿನ ವರದಿಗಳು ಹೇಳಿದವು. ಸೆಕೆಯೆಂದು ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಳ್ಳುವವರು, ಉರುಳಿದ ಮೇಲೆ ನೀರಿನಲ್ಲಿ ಅದನ್ನು ತೊಡಬಲ್ಲೆವೆಂದು ಭಾವಿಸಿರಬಹುದೇನೊ! ದಡದಲ್ಲಿಯೇ ಬಕಲುಗಳನ್ನೆಲ್ಲ ಬಿಗಿದು, ಜೊತೆಯವನಿಂದ ಭುಜದ ಪಟ್ಟಿಗಳನ್ನು ಮೇಲಕ್ಕೆಳೆಸಿ ನೋಡತಕ್ಕದ್ದು; ಜಾಕೆಟ್ಟು ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ.

ದೋಣಿ ಮಗುಚಿದಲ್ಲಿ ದಡ ಹತ್ತಿರ ಕಂಡರೂ ಈಜಹೊರಡದೆ, ತೇಲುವ ದೋಣಿಯನ್ನೇ ಹಿಡಿದಿರುವುದು ಲೇಸು. ಕೈತಪ್ಪಿ ಸೆಳವಿಗೆ ಸಿಕ್ಕವನು ಅಂಗಾತನಾಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ ತೇಲಬೇಕು. ಮೊಣಕಾಲುದ್ದದ ನೀರೆಂದು ಎದ್ದುನಿಂತರೆ ಬಂಡೆಯ ಸಂದಿಯಲ್ಲಿ ಪಾದ ಸಿಕ್ಕಿಕೊಂಡು, ಹಿಂದಿನ ನೀರು ಮೈಯನ್ನು ಮುಂದಕ್ಕೆ ಕೆಡಹುತ್ತದೆ.

ಇನ್ನು ದಡದಲ್ಲಿ ನಿಂತವರ ಮಾತು. ಮುಳುಗುವವನು ಸಾಮಾನ್ಯವಾಗಿ ಕೂಗನು, ಕೂಗಲು ಅವನಿಗೆ ಉಸಿರಿರದು; ಹತ್ತಿರ ಹೋದವನನ್ನು ಮಾತ್ರ ಅಪ್ಪಿ ತುಳಿಯುವನು. ಆದುದರಿಂದ ಧುಮುಕುವುದಕ್ಕೆ ಮೊದಲು ಗಳ, ಹಗ್ಗ, ಪಂಚೆ ಏನಿದೆಯೆಂದು ನೋಡುವುದು ಹೇಡಿತನವಲ್ಲ. 2020ರ ಆಗಸ್ಟಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಜಲಾಶಯದಲ್ಲಿ ನಾಲ್ವರು ತರುಣರು ಮುಳುಗತೊಡಗಿದಾಗ, ಅಲ್ಲಿದ್ದ ಮೂವರು ಹೆಂಗಸರು ಹಿಂದುಮುಂದು ನೋಡದೆ ಉಟ್ಟ ಸೀರೆಗಳನ್ನೇ ಬಿಚ್ಚಿ ಎಸೆದು ಇಬ್ಬರನ್ನು ಉಳಿಸಿದರು.

ಮೇಲೆತ್ತಿದವನನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವ, ಹೊಟ್ಟೆಯೊತ್ತಿ ನೀರು ಕಕ್ಕಿಸುವ ನಮ್ಮ ಕಡೆಯ ಪದ್ಧತಿ ಕಾಲಹರಣವಷ್ಟೇ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರೂದಿ, ಬಳಿಕ ಎದೆಯನ್ನು ಒತ್ತತೊಡಗಬೇಕು. ಚೇತರಿಸಿಕೊಂಡು ನಕ್ಕರೂ ಕೆಮ್ಮುತ್ತಿರುವವನನ್ನು ಮನೆಗೆ ಕರೆದೊಯ್ಯದೆ ಆಸ್ಪತ್ರೆಗೆ ಸೇರಿಸಬೇಕು. ಆಂಬುಲೆನ್ಸಿಗೆ ಕರ್ನಾಟಕ-ತಮಿಳುನಾಡು ಗಡಿಯ ಎರಡೂ ಕಡೆ ಸಂಖ್ಯೆ 108.