ಲಾಲು ಕೆಡಿಸಿದ ಪ್ರವಾಸ

ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಮೊದಲ ಮಹಾಯುದ್ಧದ ನೆಲೆಗಳಿಗೆ ಒಂದು ವಾರದ ಕಾರು ಪ್ರವಾಸ ಹಾಕಿಕೊಳ್ಳುತ್ತ ಮುಲ್ಕ್ ರಾಜ್ ಆನಂದರ ‘ಅಕ್ರಾಸ್ ದ ಬ್ಲ್ಯಾಕ್ ವಾಟರ್ಸ್’ ಮತ್ತೆ ಓದಿದೆ. ಈಪ್ರ್, ನವ್ ಶಾಪೆಲ್, ಸೊಮ್ ಎಂದು ನನ್ನ ಪಟ್ಟಿ ಅಚ್ಚುಕಟ್ಟಾಗಿತ್ತು. ಕಾದಂಬರಿ ಅದನ್ನು ಕೆಡಿಸಿತು.

1914ರಲ್ಲಿ ಮಾರ್ಸೇಲ್ಸ್‌ನಲ್ಲಿ ಹಡಗಿಳಿಯುವ ಪಂಜಾಬಿ ಸಿಪಾಯಿ ಲಾಲುವಿನ ಕೈಯಲ್ಲಿ ನಕ್ಷೆಯಿಲ್ಲ. ಆನಂದರೂ ಅವನಿಗಿಂತ ಎತ್ತರದಲ್ಲಿ ನಿಂತು ಯುದ್ಧವನ್ನು ವಿವರಿಸಲು ಅವಸರಪಡುವುದಿಲ್ಲ. ಕೆಸರು, ಚಳಿ, ತಲೆಬುಡ ತಿಳಿಯದ ಅಪ್ಪಣೆ, ಇಷ್ಟೇ ನಮಗೆ ಸಿಗುವ ಯುದ್ಧ. ಪಂಜಾಬಿ ಬೈಗುಳಗಳನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತರುವ ಅವರ ಚಟ ನನಗೆ ಈಗಲೂ ಕಿರಿಕಿರಿಯೇ. ಆದರೂ ಈ ಕುರುಡುತನವನ್ನು ಬಿಟ್ಟುಕೊಡದಿರುವುದೇ ಕಾದಂಬರಿಯ ಶಕ್ತಿ.

ನವ್ ಶಾಪೆಲ್‌ನಲ್ಲಿ 1927ರಲ್ಲಿ ಅನಾವರಣಗೊಂಡ ಸ್ಮಾರಕವಿದೆ. ಸಮಾಧಿ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಅಲ್ಲಿವೆ. ಅದಕ್ಕೆ ನಾನು ಕೊಟ್ಟಿದ್ದು ಅರ್ಧ ಗಂಟೆ, ಊಟವೂ ಸೇರಿ! ಲಾಲು ಮಾತ್ರ ಕೊನೆಯಲ್ಲಿ ಸಾಯುವುದಿಲ್ಲ, ಜರ್ಮನ್ನರ ಸೆರೆಯಾಗುತ್ತಾನೆ. ಬದುಕುಳಿದ ಅಂಥವನಿಗೆ ಆ ಗೋಡೆಯಲ್ಲಿ ಜಾಗವಿಲ್ಲ.

ಈಗ ಆ ಊರಿಗೆ ಇಡೀ ದಿನ ಇಟ್ಟಿದ್ದೇನೆ. ಸೊಮ್ ಕೈಬಿಟ್ಟೆ. ಭಾರತದ ಕಾಲಾಳು ಡಿವಿಜನ್‌ಗಳು 1915ರ ಕೊನೆಗೇ ಫ್ರಾನ್ಸ್ ತೊರೆದಿದ್ದವು. 1916ರ ಆ ಕದನ ಲಾಲುವಿನದಲ್ಲ.