ತಿಹಾರಿನ ಹನ್ನೊಂದನೆಯ ದಿನ

‘ಡೂಯಿಂಗ್ ಟೈಮ್, ಡೂಯಿಂಗ್ ವಿಪಸ್ಸನ’ (1997) ಇಸ್ರೇಲಿನ ಇಬ್ಬರು ಮಹಿಳೆಯರು, ಆಯೆಲೆಟ್ ಮೆನಾಹೆಮಿ ಮತ್ತು ಐಲೋನಾ ಏರಿಯಲ್, ತೆಗೆದ 52 ನಿಮಿಷಗಳ ಸಾಕ್ಷ್ಯಚಿತ್ರ. ಕಥೆ ನಮ್ಮ ದಿಲ್ಲಿಯದೇ. 1994ರ ಏಪ್ರಿಲ್‌ನಲ್ಲಿ ತಿಹಾರ್ ಜೈಲಿನ ಸಾವಿರಕ್ಕೂ ಹೆಚ್ಚು ಕೈದಿಗಳು ಸತ್ಯನಾರಾಯಣ ಗೋಯೆಂಕಾ ಅವರ ಮಾರ್ಗದರ್ಶನದಲ್ಲಿ 10 ದಿನ ವಿಪಸ್ಸನ ಧ್ಯಾನಕ್ಕೆ ಕುಳಿತರು.

ನನಗೆ ಶಿಬಿರಕ್ಕಿಂತ ಅದರ ಸಿದ್ಧತೆಯೇ ಹೆಚ್ಚು ಹಿಡಿಸಿತು. ಅಂದಿನ ಜೈಲು ಮುಖ್ಯಸ್ಥೆ ಕಿರಣ್ ಬೇಡಿ ಧ್ಯಾನಕ್ಕೆ ಮೊದಲು ಕಳಿಸಿದ್ದು ಕೈದಿಗಳನ್ನಲ್ಲ, ಸಿಬ್ಬಂದಿಯನ್ನು. ತಾನೇ ಮೌನದಲ್ಲಿ ಕುಳಿತು ಬಾರದ ಕಾವಲುಗಾರ ಕೈದಿಯ ಮೌನಕ್ಕೆ ಬೆಲೆ ಕೊಡುತ್ತಿದ್ದನೇ?

ಆದರೆ ಕೊನೆಯ ಕಣ್ಣೀರು, ಅಪ್ಪುಗೆಗಳಲ್ಲಿ ಚಿತ್ರ ತುಸು ಬೇಗನೆ ತೃಪ್ತಿಪಟ್ಟುಕೊಳ್ಳುತ್ತದೆ. ನಸುಕಿನ ಗಂಟೆ, ಊಟ, ಮೌನ, ಎಲ್ಲವನ್ನೂ 10 ದಿನ ಶಿಬಿರವೇ ಒದಗಿಸಿತ್ತು. ಹನ್ನೊಂದನೆಯ ದಿನ, ಕಿಕ್ಕಿರಿದ ಬ್ಯಾರಕ್ಕಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರುವುದೆಂತು? (ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಕುಕ್ಕರಿನ ಸೀಟಿಗೂ ಮಕ್ಕಳ ಸ್ಕೂಲ್ ಬಸ್ಸಿಗೂ ನಡುವೆ ಬಿಡುವು ಹುಡುಕುವ ನಮ್ಮವರಿಗೂ ಇದೇ ಪ್ರಶ್ನೆ.) ಅದೇ 1994ರಲ್ಲಿ ಜೈಲಿನೊಳಗೇ ‘ಧಮ್ಮ ತಿಹಾರ್’ ಎಂಬ ಕಾಯಂ ಕೇಂದ್ರ ಶುರುವಾಯಿತು. ಒಬ್ಬನೇ ಒಬ್ಬ ಕೈದಿಯನ್ನು ಅಲ್ಲಿ ವರ್ಷವಿಡೀ ಹಿಂಬಾಲಿಸಿದ್ದರೆ, ಅಭ್ಯಾಸ ತಪ್ಪಿದ ದಿನಗಳನ್ನೂ ಮತ್ತೆ ಹಿಡಿದ ದಿನಗಳನ್ನೂ ಕ್ಯಾಮೆರಾ ಕಾಣುತ್ತಿತ್ತು.

ಸೋಹನಾದ ‘ಧಮ್ಮ ಸೋತ’ ಕೇಂದ್ರಕ್ಕೆ ಹೋಗುವ ಯೋಚನೆಯಿರುವವರು ಈ ಚಿತ್ರವನ್ನು ಮನೆಮಂದಿಯೊಡನೆ ಕೂತು ನೋಡಲಿ. ಹಿಂದಿರುಗಿದ ಮೇಲೆ ಆ ಎರಡು ಗಂಟೆ ಯಾವ ಮೂಲೆಯಲ್ಲಿ, ಆಗ ಬಾಗಿಲು ತೆರೆಯುವವರು ಯಾರು ಎಂಬುದು ಹೊರಡುವ ಮುನ್ನವೇ ಇತ್ಯರ್ಥವಾಗಲಿ.